ಸುಕ್ಕಿಲ್ಲದ ಅರ್ಜಿ

ಅರ್ಜಿಯ ನಡುಮಧ್ಯೆ ಆ ಒಂದು ಸುಕ್ಕು ಇಲ್ಲದೇ ಹೋಗಿದ್ದರೆ ಗೆರೆಯಣ್ಣನ ಆ ದಿನ ಬೇರೆಲ್ಲ ದಿನಗಳ ಹಾಗೆ ಸುಮ್ಮನೆ ಕಳೆದುಹೋಗುತ್ತಿತ್ತು.

ಗೆರೆಯಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬೀದಿಯ ಕೊನೆಯಲ್ಲಿರುವ ಇಸ್ತ್ರಿ ಅಂಗಡಿ ಅವನದು. ಅವನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ನೋಡಿಕೊಂಡು ಗೋಡೆ ಕಟ್ಟಬಹುದು, ದಾರ ಬೇಕಿಲ್ಲ ಎಂದು ಗಾರೆ ಕೆಲಸದವರೇ ಹೇಳಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಸುಕ್ಕು ಕಂಡರೆ ಅವನಿಗೆ ಮೈ ಉರಿಯುತ್ತದೆ. ಯಾರ ಮನೆಗೆ ಹೋದರೂ ಕುರ್ಚಿಯ ಮೇಲೆ ಹಾಸಿದ ಬಟ್ಟೆಯನ್ನು ಅಂಗೈಯಿಂದ ಸವರಿ ಸರಿಮಾಡಿಯೇ ಕೂರುವ ಜಾತಿ ಅವನದು.

ಅವನಿಗೆ ಒಬ್ಬಳೇ ಮಗಳು. ಬೀದಿನಾಯಿಗಳ ಕಾಲಿಗೆ ಬ್ಯಾಂಡೇಜು ಕಟ್ಟುತ್ತಲೇ ಬೆಳೆದವಳು. ಈ ಸಲ ಪಶುವೈದ್ಯ ಕಾಲೇಜಿನಲ್ಲಿ ಸೀಟು ಗಿಟ್ಟಿಸಿದ್ದಳು. ಕಾಲೇಜಿನ ಶುಲ್ಕ ಹೇಗೋ ಆಗುತ್ತಿತ್ತು. ಹಾಸ್ಟೆಲು, ಊಟ, ಪುಸ್ತಕ ಎಂದು ಲೆಕ್ಕ ಹಾಕಿದಾಗ ಮಾತ್ರ ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡಿದ್ದರು. ಉಳಿದಿದ್ದ ದಾರಿ ಒಂದೇ, ವಿದ್ಯಾರ್ಥಿ ನೆರವು ಕಚೇರಿಯ ಧನಸಹಾಯ. ಅರ್ಜಿ ಕೊಡಲು ಅಂದು ಸಂಜೆ ಐದು ಗಂಟೆ ಕೊನೆಯ ಗಡುವು.

ಮಗಳು ಎಲ್ಲ ಅಂಕಣಗಳನ್ನೂ ತುಂಬಿ, ಕೆಳಗೆ ಸಹಿ ಹಾಕಿ, ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಅಪ್ಪನ ಕೈಗೆ ಕೊಟ್ಟಿದ್ದಳು. ಅವಳಿಗೆ ಅಂದೇ ಪಕ್ಕದ ಊರಿನ ಕಾಲೇಜಿನಲ್ಲಿ ಅಂಕಪಟ್ಟಿ ಪರಿಶೀಲನೆ. ಬೆಳಿಗ್ಗೆ ಆರರ ಬಸ್ಸು. ವಾಪಸ್ಸು ಬರುವುದು ರಾತ್ರಿಗೆ.

"ಅಪ್ಪಾ, ಸರಿಯಾಗಿ ಕೇಳಿಸ್ಕೋ. ಪೋಷಕರ ಜಾಗದಲ್ಲಿ ಸಹಿ ಹಾಕು. ತಗೊಂಡು ಹೋಗಿ ಕೊಡು. ಬೇರೇನೂ ಮಾಡ್ಬೇಡ."

"ನಾನೇನು ಮಾಡ್ತೀನೇ? ಮಗು ಥರ ಹೇಳ್ತೀಯಲ್ಲ."

"ಏನೂ ಮಾಡ್ಬೇಡ ಅಂತಲೇ ಹೇಳ್ತಿರೋದು," ಎಂದು ಹೇಳಿ ಅವಳು ಬಸ್ಸು ಹತ್ತಿದಳು.

ಹತ್ತು ಗಂಟೆಗೆ, ಹೆಂಡತಿ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ತಲುಪಿಸಲು ಹೋದ ಮೇಲೆ, ಗೆರೆಯಣ್ಣ ಕೈತೊಳೆದು ಒರೆಸಿಕೊಂಡು ಅರ್ಜಿಯನ್ನು ಹೊರತೆಗೆದ. ಸಹಿ ಹಾಕುವ ಮುನ್ನ ಹಿಂಬದಿಯ ಸೂಚನೆಗಳನ್ನು ಓದಿದ. 'ತಿದ್ದಿದ, ಒಂದರ ಮೇಲೊಂದು ಬರೆದ, ಹರಿದ ಅಥವಾ ಸುಕ್ಕಾದ ಅರ್ಜಿಗಳನ್ನು ತಿರಸ್ಕರಿಸಲಾಗುವುದು. ತಿರಸ್ಕೃತ ಅರ್ಜಿದಾರರು ಮತ್ತೆ ಎಂದೂ ಅರ್ಜಿ ಸಲ್ಲಿಸುವಂತಿಲ್ಲ.' ಹಾಳೆಯನ್ನು ಮಗುಚಿ ನೋಡಿದ. ಮಗಳ ಬ್ಯಾಗಿನಲ್ಲಿ ಅದುಮಿಕೊಂಡಿದ್ದ ಹಾಳೆಯ ಮಧ್ಯದಲ್ಲಿ ಎಡದಿಂದ ಬಲಕ್ಕೆ ಉದ್ದಕ್ಕೂ ಒಂದು ಸುಕ್ಕು ಮಲಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಪುಸ್ತಕದ ಕೆಳಗಿಟ್ಟು ಒತ್ತುತ್ತಿದ್ದರು. ಗೆರೆಯಣ್ಣನ ಬಲಗೈ ಪಕ್ಕದಲ್ಲೇ ಇದ್ದ ಇಸ್ತ್ರಿ ಪೆಟ್ಟಿಗೆಯ ಕಡೆಗೆ ತಾನಾಗಿಯೇ ಹೋಯಿತು. ಇಪ್ಪತ್ತಾರು ವರ್ಷದ ಅಭ್ಯಾಸ. ಕಾಗದ ಸುಡಬಾರದೆಂದು ಶಾಖ ತಗ್ಗಿಸಿದ, ಮೇಲೊಂದು ತೆಳು ಬಟ್ಟೆ ಹಾಸಿದ, ಉಸಿರು ಬಿಗಿಹಿಡಿದು ಒಂದೇ ಸಲ ಮೇಲಿಂದ ಕೆಳಗೆ ಎಳೆದ. ಬಟ್ಟೆ ತೆಗೆದು ನೋಡಿದರೆ ಸುಕ್ಕು ಮಾಯವಾಗಿತ್ತು. ಅಕ್ಷರಗಳೂ ಮಾಯವಾಗಿದ್ದವು.

ಅವನು ಕಣ್ಣುಜ್ಜಿಕೊಂಡ. ಅಚ್ಚಾದ ಅಂಕಣಗಳಿದ್ದವು, ಕೆಳಗೆ ಮಗಳ ಸಹಿ ಇತ್ತು, ನಡುವೆ ಮಗಳು ಎರಡು ದಿನ ಕೂತು ತುಂಬಿದ್ದ ಒಂದಕ್ಷರವೂ ಇರಲಿಲ್ಲ. ಬಟ್ಟೆಗೇನಾದರೂ ಅಂಟಿಕೊಂಡಿತೇನೋ ಎಂದು ಅದನ್ನು ಝಾಡಿಸಿ ನೋಡಿದ. ಮೇಜಿನ ಕೆಳಗೂ ಬಗ್ಗಿ ನೋಡಿದ.

"ಏನು ಕಳ್ಕೊಂಡ್ರಿ ಗೆರೆಯಣ್ಣ?" ಎಂದಿತು ಬಾಗಿಲಲ್ಲಿ ಒಂದು ತಲೆ. ಪಕ್ಕದ ಕ್ಷೌರದಂಗಡಿಯವನದು. ಬೀದಿಯಲ್ಲಿ ಅವನಿಗೆ ಕತ್ತರಿ ಎಂದೇ ಹೆಸರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೈಯ ಬದಲು ನಾಲಿಗೆ ಆಡುತ್ತಿರುತ್ತದೆ. ಒಳಬಂದು ಹಾಳೆ ನೋಡಿ, ಮೇಜಿನ ಮೇಲೆ ಮಗಳು ಬಿಟ್ಟುಹೋಗಿದ್ದ ಪೆನ್ನನ್ನು ಎತ್ತಿಕೊಂಡು ಅವನು ತಲೆಯಾಡಿಸಿದ.

"ಅಯ್ಯೋ, ಇದು ಅಳಿಸೋ ಪೆನ್ನು. ನನ್ನ ಮಗನ ಹತ್ರಾನೂ ಇದೆ. ಹಿಂದೆ ರಬ್ಬರ್ ಇದೆ ನೋಡಿ, ಉಜ್ಜಿದ್ರೆ ಬಿಸಿಯಾಗಿ ಮಸಿ ಕಾಣದ ಹಾಗೆ ಆಗುತ್ತೆ. ತಪ್ಪಾದ್ರೆ ಕಾಟು ಹೊಡೀದೆ ತಿದ್ದಬಹುದು ಅಂತ ಈ ಪೆನ್ನಲ್ಲಿ ಬರೆದಿದಾಳೆ. ಜಾಣೆ! ನೀವು ಇಡೀ ಫಾರಂಗೇ ಇಸ್ತ್ರಿ ಮಾಡಿದ್ರಾ?"

"ಸಹಿ ಹೋಗಿಲ್ವಲ್ಲ?"

"ಸಹಿ ಮಾತ್ರ ಮಾಮೂಲಿ ಪೆನ್ನಲ್ಲಿ ಹಾಕಿದಾಳೆ. ಹೇಳಿದ್ನಲ್ಲ, ಜಾಣೆ."

ಗೆರೆಯಣ್ಣ ಲೆಕ್ಕ ಹಾಕಿದ. ಹೊಸ ಫಾರಂ ತಂದರೆ ಮಗಳ ಸಹಿ ಬೇಕು. ಮಗಳು ಬರುವುದು ರಾತ್ರಿಗೆ. ಸಹಿ ಇರುವುದು ಈ ಹಾಳೆಯ ಮೇಲೆ ಮಾತ್ರ. ಫೋನ್ ಮಾಡಿ ಕೇಳೋಣವೆಂದರೆ 'ಬೇರೇನೂ ಮಾಡ್ಬೇಡ ಅಂದಿರ್ಲಿಲ್ವಾ' ಎನ್ನುವ ಮಾತು ಕೇಳಬೇಕಾಗುತ್ತಿತ್ತು. ಮನೆಯ ವಿಷಯ ಅಪ್ಪನಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಇದೇ ಹಾಳೆಯನ್ನು ತಾನೇ ತುಂಬುತ್ತೇನೆ, ಒಂದು ಚುಕ್ಕೆಯೂ ತಪ್ಪದ ಹಾಗೆ ತುಂಬುತ್ತೇನೆ ಎಂದು ಪಟ್ಟು ಹಿಡಿದ.

"ನನ್ನ ಹೆಂಡತಿಗೆ ಹೇಳ್ಬೇಡಪ್ಪ," ಎಂದು ಕತ್ತರಿಗೆ ತಾಕೀತು ಮಾಡಿ ಅಂಗಡಿಯ ಬಾಗಿಲು ಎಳೆದು, ಮಹಡಿಯ ಮೇಲಿನ ಷರಾ ಸಾಹೇಬರ ಮನೆಗೆ ಹೊರಟ. ಕತ್ತರಿ ಕರೆಯದಿದ್ದರೂ ಹಿಂದೆಯೇ ಬಂದ.

ಷರಾ ಸಾಹೇಬರು ನಿವೃತ್ತ ಗುಮಾಸ್ತರು. ಮೂವತ್ತೈದು ವರ್ಷ ಕಡತಗಳ ಅಂಚಿನಲ್ಲಿ ಷರಾ ಬರೆದು ಬರೆದು, ಈಗ ಹಾಲಿನವನ ಚೀಟಿಯ ಮೇಲೂ 'ನೋಡಲಾಗಿದೆ' ಎಂದು ಬರೆಯುತ್ತಾರೆ. ಖಾಲಿ ಅರ್ಜಿ ಕಂಡೊಡನೆ ಅವರ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಯಿತು.

"ಕೂತ್ಕೊಳಯ್ಯ. ಆತುರ ಪಡಬೇಡ. ಜನ ಅರ್ಜಿ ಹಾಳುಮಾಡ್ಕೊಳೋದು ಆತುರದಲ್ಲೇ. ಮೊದಲು ಬಿಳಿ ಹಾಳೆ ಮೇಲೆ ಬರಿ, ನಾನು ನೋಡ್ತೀನಿ, ಆಮೇಲೆ ಇದಕ್ಕೆ ಇಳಿಸು. ನೀಲಿ ಪೆನ್ನು, ಅಳಿಸದಂಥದ್ದು."

ಹೆಸರು, ವಿಳಾಸ, ಅಂಕಗಳು ಅಡ್ಡಿಯಿಲ್ಲದೆ ಮುಗಿದವು. ತಂದೆಯ ಉದ್ಯೋಗದ ಅಂಕಣಕ್ಕೆ ಬಂದಾಗ ಷರಾ ಸಾಹೇಬರು ಕೈ ಎತ್ತಿದರು.

"ಇಸ್ತ್ರಿ ಅಂತ ಬರೀಬೇಡ. 'ವಸ್ತ್ರ ಸಂಸ್ಕರಣೆ' ಅಂತ ಬರಿ. ತೂಕ ಇರುತ್ತೆ."

"ಸಾಹೇಬ್ರೇ, ತೂಕ ಬಂದ್ರೆ ನೆರವು ಹೋಗುತ್ತೆ," ಎಂದ ಕತ್ತರಿ. "ಅಂಗಡಿ ಇದೆ ಅನ್ನೋದೇ ಬೇಡ. 'ಅಲ್ಲಲ್ಲಿ ಇಸ್ತ್ರಿ ಮಾಡುವವನು' ಅಂತ ಹಾಕಿ. ಆದಾಯಾನೂ ಅರ್ಧ ಮಾಡಿ."

"ಇಸ್ತ್ರಿ ಅಂಗಡಿ," ಎಂದು ಹೇಳುತ್ತಲೇ ಬರೆದ ಗೆರೆಯಣ್ಣ. "ಆದಾಯ ಪ್ರಮಾಣಪತ್ರದಲ್ಲಿ ಇದ್ದಷ್ಟೇ ಹಾಕ್ತೀನಿ. ತಪ್ಪೂ ಬೇಡ, ಸುಳ್ಳೂ ಬೇಡ."

ಮುಂದಿನ ಅಂಕಣ 'ಕುಟುಂಬಕ್ಕೆ ನಾಲ್ಕು ಚಕ್ರದ ವಾಹನ ಇದೆಯೇ?' ಎಂದು ಕೇಳುತ್ತಿತ್ತು. ಇಲ್ಲ ಎಂದು ಬರೆಯಲು ಹೊರಟ ಕೈಯನ್ನು ಷರಾ ಸಾಹೇಬರು ಗಬಕ್ಕನೆ ಹಿಡಿದುಕೊಂಡರು.

"ಭಾನುವಾರ ಬಟ್ಟೆ ತಗೊಂಡು ಹೋಗ್ತೀಯಲ್ಲ, ಆ ತಳ್ಳುಗಾಡಿಗೆ ಚಕ್ರ ಎಷ್ಟು?"

"ನಾಲ್ಕು. ಆದ್ರೆ ಅದು..."

"ನಾಲ್ಕು ಅಂದ್ರೆ ನಾಲ್ಕು. ಇಲ್ಲ ಅಂತ ಬರೆದ್ರೆ ಮಾಹಿತಿ ಮರೆಮಾಚಿದ ಹಾಗೆ."

"ಇದೆ ಅಂತ ಬರೆದ್ರೆ ಕಾರು ಅನ್ಕೋತಾರೆ!" ಕತ್ತರಿ ಕೂಗಿದ.

ವಾದ ಎರಡು ಗಂಟೆ ನಡೆಯಿತು. ನಡುವೆ ಷರಾ ಸಾಹೇಬರ ಊಟವಾಯಿತು, ಊಟದ ಮೇಲೆ ಅರ್ಧ ಗಂಟೆಯ ಅವರ ನಿದ್ದೆಯೂ ಆಯಿತು. ಗೆರೆಯಣ್ಣ ಹೊಟ್ಟೆಗೆ ಏನೂ ಹಾಕದೆ ಪೆನ್ನು ಹಿಡಿದು ಕೂತೇ ಇದ್ದ. ಕೊನೆಗೆ ಅವನೇ ತೀರ್ಮಾನ ಮಾಡಿ, ದುಂಡಗೆ, 'ಇದೆ. ತಳ್ಳಬೇಕು' ಎಂದು ಬರೆದ. ಇಬ್ಬರಿಗೂ ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ.

ಉಳಿದದ್ದು ಕಡೆಯ ಅಂಕಣ, ಎಲ್ಲಕ್ಕಿಂತ ದೊಡ್ಡದು: 'ಕುಟುಂಬದ ಪರಿಸ್ಥಿತಿ ವಿವರಿಸಿ.' ಇಲ್ಲಿಗೆ ಬಂದಾಗ ಕತ್ತರಿ ಅಂಗಿಯ ತೋಳು ಮಡಚಿದ.

"ಇದನ್ನ ನನಗೆ ಬಿಡಿ. ಓದಿದವರು ಗೊಳೋ ಅಂತ ಅಳಬೇಕು. 'ಮನೆ ಸೋರುತ್ತೆ, ಹೊಟ್ಟೆಗಿಲ್ಲ, ಹೆಂಡತಿಗೆ ಕಣ್ಣು ಕಾಣಲ್ಲ'..."

"ಅವಳಿಗೆ ನೀನು ಹಲ್ಲು ಕಿರಿಯೋದು ಬೀದಿಯ ಆ ತುದಿಯಿಂದಲೇ ಕಾಣುತ್ತೆ," ಎಂದ ಗೆರೆಯಣ್ಣ.

"ಘನತೆವೆತ್ತವರ ಪಾದಾರವಿಂದಗಳಲ್ಲಿ ಈ ಬಡವನ ಮೊರೆ ಅಂತ ಶುರುಮಾಡು," ಎಂದರು ಷರಾ ಸಾಹೇಬರು. "ದೀನತೆ ಎದ್ದು ಕಾಣ್ಬೇಕು."

ಅಷ್ಟು ಹೊತ್ತು ಎಲ್ಲವನ್ನೂ ಸಹಿಸಿಕೊಂಡಿದ್ದ ಗೆರೆಯಣ್ಣನಿಗೆ ಈಗ ತಡೆಯಲಾಗಲಿಲ್ಲ. ಅವನ ಕಿವಿ ಕೆಂಪಾಯಿತು. "ಸಾಕು, ಇದನ್ನ ನಾನೊಬ್ಬನೇ ಬರೀತೀನಿ," ಎಂದು ಹಾಳೆಯನ್ನು ಎತ್ತಿಕೊಂಡು ವರಾಂಡದ ಕಟ್ಟೆಗೆ ಹೋಗಿ, ಇಬ್ಬರಿಗೂ ಬೆನ್ನು ಹಾಕಿ ಕೂತ. ಕತ್ತರಿಗೆ ಅವಮಾನವಾಗಿ ಧಡಧಡ ಮೆಟ್ಟಿಲಿಳಿದು ಹೋದ. ಗೆರೆಯಣ್ಣ ನಾಲ್ಕು ಸಾಲು ಬರೆದ. ಎರಡು ಸಲ ಓದಿದ. ಕಾಗುಣಿತ ಸರಿಯಿತ್ತು, ಸಾಲು ನೇರವಿತ್ತು. ಕೆಳಗೆ ಸಹಿ ಹಾಕಿದ. ಬಿಡಿಬಿಡಿಯಾಗಿ ಇಡೀ ಹಾಳೆಯನ್ನು ಮತ್ತೊಮ್ಮೆ ಪರೀಕ್ಷಿಸಿದ. ಕೆಲಸ ಅಚ್ಚುಕಟ್ಟಾಗಿತ್ತು, ಇದು ತನ್ನ ಜನ್ಮದ ಅತ್ಯುತ್ತಮ ಇಸ್ತ್ರಿ ಎನ್ನಿಸಿತು.

ಕೆಳಗಿಳಿದಾಗ ಮೂರೂಮುಕ್ಕಾಲು. ಫೋಲ್ಡರನ್ನು ಅಂಗಡಿಯ ಮೇಜಿನ ಮೇಲಿಟ್ಟು, ಬೆವರಿನಲ್ಲಿ ಹೋಗುವುದು ಬೇಡವೆಂದು ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ ಮೈತೊಳೆದುಕೊಳ್ಳಲು ಹೋದ. ಕ್ಷೌರವನ್ನೂ ತಾನೇ ಮಾಡಿಕೊಂಡ. ಬಿಳಿ ಅಂಗಿ ತೊಟ್ಟು ಬಂದು ನೋಡಿದರೆ ಮೇಜಿನ ಮೇಲೆ ಫೋಲ್ಡರ್ ಇಲ್ಲ.

ಗೆರೆಯಣ್ಣ ಬಟ್ಟೆಯ ಗಂಟುಗಳನ್ನೆಲ್ಲ ಬಿಚ್ಚಿ ಎಸೆದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಇಸ್ತ್ರಿಯಾದ ಅಂಗಿಗಳನ್ನು ತುಳಿದುಕೊಂಡೇ ಓಡಾಡಿದ. ಬೀದಿಗೆ ಬಂದು ಕೂಗಬೇಕು ಎನ್ನುವಷ್ಟರಲ್ಲಿ ಎದುರಿನ ಐಸ್‌ಕ್ರೀಮ್ ಅಂಗಡಿಯಿಂದ ಹೆಂಡತಿ ರಸ್ತೆ ದಾಟಿ ಬಂದಳು. ಕೈಯಲ್ಲಿ ಫೋಲ್ಡರ್ ಇತ್ತು, ಮುಖದಲ್ಲಿ ಗೆದ್ದ ಕಳೆ ಇತ್ತು.

"ತಗೊಳ್ಳಿ. ನನ್ನ ಹತ್ರ ಮುಚ್ಚಿಡ್ತೀರಾ? ಎಲ್ಲಾ ಗೊತ್ತಾಯ್ತು. ಎಲ್ಲಾ ಸರಿಮಾಡಿಸಿದೀನಿ."

"ಏನು ಸರಿಮಾಡ್ಸಿದ್ದು? ಐಸ್‌ಕ್ರೀಮ್ ಅಂಗಡೀಲಿ ಏನು ಸರಿಮಾಡ್ತಾರೆ?"

"ಅಲ್ಲಿ ಹೋಗಿ ತೆಗೆದು ನೋಡಿ. ಗಂಟೆ ನಾಲ್ಕೂವರೆ ಆಯ್ತು, ಮೊದಲು ಓಡಿ!"

ಫೋಲ್ಡರ್ ಒದ್ದೆಯಾಗಿ, ಕೊರೆಯುವಷ್ಟು ತಣ್ಣಗಿತ್ತು. ಕೇಳುತ್ತ ನಿಲ್ಲಲು ಹೊತ್ತಿರಲಿಲ್ಲ. ಮಂಜು ಹಿಡಿದ ಪ್ಲಾಸ್ಟಿಕ್ಕಿನ ಹೊರಗಿನಿಂದಲೇ ನೋಡಿದ, ಒಳಗೆ ಹಾಳೆ ಇತ್ತು, ಹಾಳೆಯ ತುಂಬ ಅಕ್ಷರವೂ ಇತ್ತು. ಗೆರೆಯಣ್ಣ ಫೋಲ್ಡರನ್ನು ಎದೆಗೆ ಅವುಚಿಕೊಂಡು, ಜನರ ನಡುವೆ ನುಗ್ಗಿ, ಬಸ್ಸಿಗೆ ಕಾಯದೆ ಓಡಿಯೇ ಹೋದ.

ನೆರವು ಕಚೇರಿಯ ಕೌಂಟರಿನ ಮುಂದೆ ಇನ್ನೂ ನಾಲ್ಕೈದು ಜನರ ಸಾಲಿತ್ತು. ಕೌಂಟರಿನ ಮೇಡಂ ಗಂಟಲು ನೋವಿನವರು. ಪಕ್ಕದಲ್ಲಿ ಕರೆಂಟಿನ ಸ್ಟೀಲ್ ಕೆಟಲಿಟ್ಟುಕೊಂಡು ಅರ್ಜಿಗೊಂದು ಗುಟುಕು ಬಿಸಿನೀರು ಕುಡಿಯುತ್ತ, ತಪ್ಪು ಕಂಡ ಅರ್ಜಿಗಳ ಮೇಲೆ ಕೆಂಪು ಸೀಲು ಒತ್ತುತ್ತಿದ್ದರು. ಒಬ್ಬನಿಗೆ ಕಾಟು ಹೊಡೆದಿದ್ದಕ್ಕೆ, ಒಬ್ಬಳಿಗೆ ಅಂಕಣ ಬಿಟ್ಟಿದ್ದಕ್ಕೆ. ಪ್ರತಿ ಸೀಲಿನ ಸದ್ದಿಗೂ ಗೆರೆಯಣ್ಣನ ಬೆನ್ನು ಇನ್ನಷ್ಟು ನೆಟ್ಟಗಾಯಿತು. ತನ್ನದರಲ್ಲಿ ಆ ಯಾವ ತಪ್ಪೂ ಇಲ್ಲ. ಐದಕ್ಕೆ ಹದಿನೈದು ನಿಮಿಷ ಇದ್ದಾಗ ಅವನ ಸರದಿ ಬಂತು.

ಮೇಡಂ ಹಾಳೆ ತೆಗೆದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೇನ್ರೀ ಇದು? ಒಂದರ ಮೇಲೊಂದು ಬರೆದಿದೀರಲ್ಲ!"

ಗೆರೆಯಣ್ಣ ಬಗ್ಗಿ ನೋಡಿದ. ಅವನ ನೀಲಿ ಅಕ್ಷರಗಳು ಅವನು ಬರೆದ ಜಾಗದಲ್ಲೇ ಇದ್ದವು. ಅವುಗಳ ಅಡಿಯಿಂದ, ಪ್ರತಿ ಅಂಕಣದಲ್ಲೂ, ಮಗಳ ಕಪ್ಪು ಅಕ್ಷರಗಳು ಎದ್ದು ಬಂದು ಕೂತಿದ್ದವು. ಅವನು ಹೆಂಡತಿಗೆ ಫೋನ್ ಮಾಡಿದ.

"ಕತ್ತರಿ ಮಧ್ಯಾಹ್ನ ಬಂದು ನೀವು ಇಸ್ತ್ರಿ ಮಾಡಿ ಅಕ್ಷರ ಹೋಗಿದ್ದು ಹೇಳ್ದ ಕಣ್ರೀ," ಎಂದಳು ಅವಳು ಉತ್ಸಾಹದಿಂದ. "ನಾನು ಮಗಳಿಗೆ ಫೋನ್ ಮಾಡ್ದೆ. ಬಿಸಿಗೆ ಹೋಗಿರೋ ಮಸಿ ಫ್ರೀಜರಲ್ಲಿಟ್ರೆ ವಾಪಸ್ ಬರುತ್ತಂತೆ. ಫೋಲ್ಡರ್ ತೆಗೀದೆ ಹಾಗೇ ಅರ್ಧ ಗಂಟೆ ಇಡಿಸ್ದೆ. ಬಂದಿದೆ ತಾನೆ?"

"ಬಂದಿದೆ," ಎಂದು ಹೇಳಿ ಗೆರೆಯಣ್ಣ ಫೋನ್ ಇಟ್ಟ. ಅದೇ ಹಾಳೆಯನ್ನು ಅವನು ಮತ್ತೆ ತುಂಬಿದ್ದನ್ನು ಸಿಟ್ಟಿನಲ್ಲಿದ್ದ ಕತ್ತರಿ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟವನೂ ಗೆರೆಯಣ್ಣನೇ.

ಮೇಡಂ ಕುತೂಹಲದಿಂದ ಹಾಳೆಯನ್ನು ದೀಪಕ್ಕೆ ಹಿಡಿದಿದ್ದರು. "ವಾಹನ. ಕರಿ ಮಸಿಯಲ್ಲಿ 'ಇಲ್ಲ'. ನೀಲಿಯಲ್ಲಿ 'ಇದೆ, ತಳ್ಳಬೇಕು'." ಸಾಲಿನಲ್ಲಿದ್ದವರು ನಕ್ಕರು. ಮೇಡಂ ಕೂಡ ನಗು ತಡೆದುಕೊಂಡು ಕಡೆಯ ಅಂಕಣಕ್ಕೆ ಬಂದು, ಕರಿಯ ಸಾಲುಗಳನ್ನು ಬಿಡಿಸಿ ಬಿಡಿಸಿ ಓದತೊಡಗಿದರು.

"'ನಮ್ಮ ಅಪ್ಪ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಕೆಲಸ ಮಾಡುತ್ತಾರೆ. ಕಾಲಿನ ನರಗಳು ಊದಿವೆ. ವೈದ್ಯರು ಆರು ತಿಂಗಳು ನಿಲ್ಲಬಾರದು ಎಂದು ಬರೆದುಕೊಟ್ಟ ಚೀಟಿಯನ್ನು ಅವರು ನಮಗೆ ತೋರಿಸಿಲ್ಲ; ನಾನು ಅವರ ಅಂಗಿಯ ಜೇಬಿನಲ್ಲಿ ನೋಡಿದೆ. ನೆರವು ಸಿಗದಿದ್ದರೆ ಇನ್ನೂ ಎರಡು ಗಂಟೆ ಹೆಚ್ಚು ನಿಲ್ಲುತ್ತಾರೆ. ಕೇಳಿದರೆ ತೊಂದರೆ ಏನಿಲ್ಲ ಅನ್ನುತ್ತಾರೆ. ದಯವಿಟ್ಟು ನಂಬಬೇಡಿ.'"

ಸಾಲಿನಲ್ಲಿ ನಗು ನಿಂತಿತು. ಗೆರೆಯಣ್ಣ ತನ್ನ ಕಾಲು ನೋಡಿಕೊಂಡ. ಮಗಳು ಆ ಚೀಟಿ ನೋಡಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ.

"ಇನ್ನು ನೀಲಿ," ಎಂದು ಮೇಡಂ ಮುಂದುವರಿಸಿದರು. "'ಯಾರ ಮುಂದೂ ಕೈಚಾಚಿದ ಮನೆ ನಮ್ಮದಲ್ಲ. ದೇಹ ಗಟ್ಟಿಯಾಗಿದೆ, ಕೆಲಸಕ್ಕೆ ಕೊರತೆಯಿಲ್ಲ. ಹೇಳಿಕೊಳ್ಳುವಂಥ ತೊಂದರೆ ಏನಿಲ್ಲ. ಮಗಳ ಓದನ್ನು ಹೇಗೋ ನಿಭಾಯಿಸುತ್ತೇನೆ.'" ಅವರು ತಲೆ ಎತ್ತಿದರು. "ಇದು ನೀವು ಬರೆದದ್ದಾ?"

"ಹೌದು ಮೇಡಂ."

"ಎರಡರಲ್ಲಿ ನಿಜ ಯಾವುದು?"

ಗೆರೆಯಣ್ಣ ಕರಿಯ ಸಾಲುಗಳ ಮೇಲೆ ಬೆರಳಿಟ್ಟ. ಹಿಂದೆ ನಿಂತಿದ್ದವರ ಎದುರಿಗೆ, ಬೆಳಿಗ್ಗೆಯಿಂದ ಬಾಯಿಗೆ ಬಾರದೇ ಇದ್ದ ಮಾತನ್ನು ಹೇಳಿದ. "ಕರೀದು."

"ಹಾಗಾದ್ರೆ ನೀಲಿ ಅಳಿಸಿ. ಎರಡೂ ಇದ್ರೆ ತಗೊಳಕ್ಕಾಗಲ್ಲ."

"ನೀಲಿ ಅಳಿಯಲ್ಲ ಮೇಡಂ. ಅಳಿಯೋದು ಕರೀದು ಮಾತ್ರ."

ಮೇಡಂ ಪೆನ್ನು ಕೆಳಗಿಟ್ಟರು. "ಹೊಸ ಫಾರಂ ಕೊಡ್ತೀನಿ. ಮಗಳು ಬಂದಿದಾಳಾ, ಸಹಿ ಹಾಕೋದಕ್ಕೆ?"

"ರಾತ್ರಿ ಬರ್ತಾಳೆ."

"ನೋಡಿ, ನನಗೂ ಬೇಜಾರಾಗುತ್ತೆ. ಈ ಹಾಳೆ ಹೀಗೇ ತಗೊಂಡ್ರೆ ತಿರಸ್ಕಾರ. ತಿರಸ್ಕಾರ ಆದ್ರೆ ಅವಳು ಓದು ಮುಗಿಸೋವರೆಗೂ ಇನ್ನು ಅರ್ಜಿ ಹಾಕೋ ಹಾಗಿಲ್ಲ. ಶುದ್ಧವಾಗಿದ್ರೆ ಸ್ವೀಕಾರ ಆಗುತ್ತೆ. ಈ ವರ್ಷ ಏನೇ ಆದ್ರೂ ಮುಂದಿನ ವರ್ಷ ಮತ್ತೆ ಕೇಳಬಹುದು. ಇನ್ನು ಆರು ನಿಮಿಷ ಇದೆ."

ಗೆರೆಯಣ್ಣ ಗಡಿಯಾರ ನೋಡಿದ, ಕೆಟಲ್ ನೋಡಿದ. ಮಗಳ ದಾರಿಗೆ ಅಡ್ಡವಾಗಿ ಕೆಂಪು ಸೀಲು ಬೀಳಲು ಅವನು ಬಿಡುವವನಲ್ಲ. ಅಂಗಿಯ ತೋಳು ಮೇಲಕ್ಕೇರಿಸಿದ.

"ಅದನ್ನೊಂದು ಸಲ ಕುದಿಸ್ತೀರಾ ಮೇಡಂ?"

ಕಡತವೊಂದರ ಮೇಲೆ ಅರ್ಜಿ ಹರಡಿ, ಮೇಲೊಂದು ಬಿಳಿ ಹಾಳೆ ಹಾಸಿ, ಕುದಿಯುವ ಕೆಟಲನ್ನು ಕರವಸ್ತ್ರದಲ್ಲಿ ಹಿಡಿದು, ಅದರ ಬಿಸಿ ತಳವನ್ನು ಗೆರೆಯಣ್ಣ ಇಸ್ತ್ರಿಯ ಹಾಗೆ ಎಳೆದ. ಮೇಲಿಂದ ಕೆಳಕ್ಕೆ ಮಗಳ ಅಕ್ಷರಗಳು ಒಂದೊಂದೇ ಸಾಲು ಹೋದವು. ಕಡೆಯ ಅಂಕಣದ ಹತ್ತಿರ ಅವನು ಒಂದು ಕ್ಷಣ ತಡೆದ. ನಂತರ ಅಲ್ಲೂ ಎಳೆದ.

ಮೇಡಂ ಹಾಳೆಯನ್ನು ಎತ್ತಿ ಹಿಡಿದರು. ಬೆರಳಿಟ್ಟು ಅಂಕಣ ಅಂಕಣವನ್ನೂ ನೋಡಿದರು. ಕಾಟಿಲ್ಲ, ಕಲೆಯಿಲ್ಲ, ಬಿಟ್ಟುಹೋದ ಜಾಗವಿಲ್ಲ, ಅಂಕಿ ಪ್ರಮಾಣಪತ್ರಕ್ಕೆ ತಾಳೆಯಾಗುತ್ತದೆ, ಸುಕ್ಕಂತೂ ಇಲ್ಲವೇ ಇಲ್ಲ. ಹನ್ನೊಂದು ವರ್ಷದ ಸೇವೆಯಲ್ಲಿ ಇಷ್ಟು ಶುದ್ಧವಾದ ಅರ್ಜಿಯನ್ನು ತಾನು ನೋಡಿಯೇ ಇಲ್ಲ ಎಂದರು. ಹಸಿರು ಸೀಲು ಒತ್ತಿದರು: 'ಯಾವುದೇ ದೋಷವಿಲ್ಲ. ಸ್ವೀಕರಿಸಲಾಗಿದೆ.' ಆಮೇಲೆ ಪೆನ್ನು ತೆಗೆದುಕೊಂಡು, ಅವನ ಮುಖ ನೋಡದೆ, ಕೆಳಗೆ ಒಂದು ಸಾಲು ಸೇರಿಸಿದರು: 'ಪೋಷಕರ ಹೇಳಿಕೆಯಂತೆ ಈ ವರ್ಷಕ್ಕೆ ನೆರವಿನ ಅಗತ್ಯವಿಲ್ಲ.'

"ನಾನು ಓದಿದ್ದು ಬೇರೆ," ಎಂದರು ಮೆಲ್ಲಗೆ. "ಹಾಳೆ ಮೇಲೆ ಇರೋದನ್ನೇ ನಾನು ಬರೀಬೇಕು."

"ಗೊತ್ತು ಮೇಡಂ. ಬರೆದವನು ನಾನೇ ಅಲ್ವಾ."

ಸ್ವೀಕೃತಿಯ ಪ್ರತಿ ಹಿಡಿದು ಅವನು ಕಚೇರಿಯ ಮೆಟ್ಟಿಲ ಮೇಲೆ ಕುಳಿತ. ಅಂದು ಅವನು ಮೊದಲ ಸಲ ಕಾಲು ಚಾಚಿದ್ದು ಅಲ್ಲೇ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಅಪ್ಪಾ, ಕೊಟ್ಯಾ? ತಪ್ಪೇನೂ ಆಗ್ಲಿಲ್ಲ ತಾನೆ?"

"ಒಂದೂ ಇಲ್ಲ ಮಗಳೇ. ಹನ್ನೊಂದು ವರ್ಷದಲ್ಲಿ ಇಂಥ ಅರ್ಜಿ ಬಂದೇ ಇಲ್ಲವಂತೆ. ಹಸಿರು ಸೀಲು ಹೊಡೆದಿದಾರೆ."

"ಹಾಗಾದ್ರೆ ಗೆದ್ವಿ ಬಿಡು!" ಮಗಳು ಕಾಲೇಜಿನ ಅಂಗಳದಲ್ಲಿ ಕುಣಿಯುತ್ತಿರುವುದು ದನಿಯಲ್ಲೇ ತಿಳಿಯುತ್ತಿತ್ತು. "ಅಪ್ಪಾ, ಹಾಸ್ಟೆಲಿನವರು ಇಲ್ಲೇ ಇದಾರೆ. ಹೆಸರು ಕೊಡೋದಕ್ಕೆ ಇವತ್ತೇ ಕೊನೇ ದಿನ ಅಂತೆ. ಕೊಟ್ಬಿಡ್ಲಾ?"

ಗೆರೆಯಣ್ಣ ಎದ್ದು ನಿಂತ.

"ಕೊಡು," ಎಂದ. "ಕಿಟಕಿ ಪಕ್ಕದ ಮಂಚ ಕೇಳು."